ಅಪ್‌ಡೇಟ್: ಮಲಗಿದ್ದ ಹೆಲೆಬೋರ್ ಎದ್ದು ನಿಂತಿತು
ಹೋದ ವಾರ ಕೇಳಿದ್ದೆನಲ್ಲ, ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಹಿತ್ತಲಲ್ಲಿ ಮರದ ನೆರಳಿನ ಹೆಲೆಬೋರ್ (ಚಳಿಗಾಲದಲ್ಲಿ ಹೂ ಬಿಡುವ ಗಿಡ) ನೆಲಕ್ಕೆ ಒರಗಿದೆ, ಎಲೆ ತುಂಬ ಕಪ್ಪು ಚುಕ್ಕೆ ಅಂತ. ಗಿಡ ಚೆನ್ನಾಗಿದೆ! “ಸುಮ್ನೆ ಬಿಡಿ, ಬಿಸಿಲೇರಲಿ” ಅಂದವರ ಮಾತೇ ನಿಜ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿತ್ತು, ಅಷ್ಟೇ. ಬೆಳಿಗ್ಗೆ ಬೇಯಿಸಿದ ಸೊಪ್ಪಿನ ಹಾಗೆ ಬಿದ್ದಿದ್ದ ದಂಟುಗಳು ಮಧ್ಯಾಹ್ನಕ್ಕೆ ನೆಟ್ಟಗೆ ನಿಂತಿದ್ದವು. ನೀರು ಹಾಕಿದ್ದು ದಂಡ.

ಚುಕ್ಕೆ ಬಂದದ್ದು ಶಿಲೀಂಧ್ರದಿಂದ. ಹಳೆ ಎಲೆಗಳನ್ನು ಬುಡಕ್ಕೇ ಕತ್ತರಿಸಿ ಕಸಕ್ಕೆ ಹಾಕಿದೆ, ಗೊಬ್ಬರದ ಗುಂಡಿಗಲ್ಲ. ಹೊಸ ಚಿಗುರು ಚೊಕ್ಕವಾಗಿದೆ. ಕೈಗವಸು ಮರೆಯಬೇಡಿ, ರಸ ತಾಗಿ ನನ್ನ ಬೆರಳು ಉರಿಯಿತು.

ಇನ್ನೊಂದು ಗೊತ್ತಾ? ಈ ಹೂವಿನಲ್ಲಿ ನಾವು ಎಸಳು ಅಂದುಕೊಳ್ಳುವುದು ಎಸಳೇ ಅಲ್ಲ, ಪುಷ್ಪಪತ್ರ, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಭಾಗ! ನಿಜವಾದ ಎಸಳು ಒಳಗಿನ ಪುಟ್ಟ ಹಸಿರು ಮಕರಂದದ ಕೊಳವೆಗಳು. ಅವು ಬೇಗ ಉದುರುತ್ತವೆ, ಹೊರಗಿನವು ತಿಂಗಳುಗಟ್ಟಲೆ ಉಳಿಯುತ್ತವೆ.