ಆರು ಸಾವಿರದ ಆಸೆ

ಕಂಪ್ಯೂಟರ್ ಪೂರ್ತಿ ಕೆಟ್ಟು ಹೋದರೆ ಅಷ್ಟೇನೂ ಚಿಂತೆಯಿಲ್ಲ. ಬಿಚ್ಚಬಹುದು, ಅಂಗಡಿಗೆ ಒಯ್ಯಬಹುದು, ಅಂಗಡಿಯವನನ್ನು ಬೈಯಬಹುದು. ಜೀವ ತಿನ್ನುವುದು ಆಗಾಗ ಮಾತ್ರ ಕೆಡುವ ಕಂಪ್ಯೂಟರ್. ನಾಲ್ಕು ಜನರನ್ನು ಕರೆದು ತೋರಿಸಿದರೆ ತೆಪ್ಪಗೆ ಕೆಲಸ ಮಾಡುತ್ತದೆ. ಅವರು ಚಪ್ಪಲಿ ಮೆಟ್ಟಿ ಗೇಟು ದಾಟಿದ ಕೂಡಲೇ ನೀಲಿ ಪರದೆ ಬರುತ್ತದೆ.

ದಾವಣಗೆರೆಯ ನಮ್ಮ ಗಿರೀಶನ ಕಂಪ್ಯೂಟರ್ ಈ ಜಾತಿಯದು. ಮದುವೆ ವಿಡಿಯೋ ಎಡಿಟಿಂಗ್ ಅವನ ಕಸುಬು. ಯಂತ್ರವನ್ನು ಅವನೇ ಜೋಡಿಸಿದ್ದ. ಎಎಂಡಿ ಕಂಪನಿಯ ರೈಜೆನ್ 7600 ಪ್ರೊಸೆಸರ್, ಅದು ಕೂರುವ ಎಎಂ5 ಬೋರ್ಡು, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್ಕು. ಕೆಲಸ ನಡೆಯುವಾಗ ಕಂಪ್ಯೂಟರ್ ಎಲ್ಲವನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ಈ ರ‍್ಯಾಮ್. ಅದರ ಡಬ್ಬದ ಮೇಲೆ ವೇಗ ‘6000’ ಅಂತ ದೊಡ್ಡದಾಗಿ ಅಚ್ಚಾಗಿತ್ತು. ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ, ಡಬ್ಬದ ಮೇಲಿನ ವೇಗ ಕೊಡುವ ಎಕ್ಸ್‌ಪೋ ಆನ್ ಮಾಡಿದ, 6000ಕ್ಕೆ ಓಡಿತು, ಎಲ್ಲ ಸುಖವಾಗಿತ್ತು. ಆಮೇಲೆ 32 ಜಿಬಿ ಸಾಲದು ಅನ್ನಿಸಿತು. ಅದೇ ಕಂಪನಿ, ಅದೇ ಮಾಡೆಲ್, ಇನ್ನೊಂದು ಜೊತೆ ತಂದು ಖಾಲಿಯಿದ್ದ ಎರಡು ಸ್ಲಾಟಿಗೆ ಸಿಕ್ಕಿಸಿದ. ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲು ಜಿಪ್ ಫೈಲು ಬಿಚ್ಚುವಾಗ, ಫೈಲು ತಾಳೆಯಾಗುತ್ತಿಲ್ಲ ಅನ್ನುವ ಸಿಆರ್‌ಸಿ ಎರರ್. ಆಮೇಲೆ ನೀಲಿ ಪರದೆ, ದಿನಕ್ಕೊಂದು ಹೆಸರಿನದು. ಕೊನೆಗೆ ಯಾರದೋ ಮದುವೆ ವಿಡಿಯೋದಲ್ಲಿ, ಸರಿಯಾಗಿ ಮಾಂಗಲ್ಯ ಧಾರಣೆಯ ಹೊತ್ತಿಗೆ, ಮದುಮಗನ ಮುಖಕ್ಕೆ ಅಡ್ಡಲಾಗಿ ಒಂದು ಹಸಿರು ಪಟ್ಟಿ ಬಂತು. ಹುಡುಗಿಯ ಅಪ್ಪ ಫೋನ್ ಮಾಡಿ, “ಇದೇನಪ್ಪಾ, ಎಫೆಕ್ಟಾ?” ಅಂತ ಕೇಳಿದರಂತೆ. ಆವತ್ತೇ ಗಿರೀಶ ನಮ್ಮನ್ನೆಲ್ಲ ಕರೆಸಿದ.

ಭಾನುವಾರ ಮಹಡಿ ಮೇಲಿನ ರೂಮಿನಲ್ಲಿ ಸಭೆ. ನಡುವೆ ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ. ಪಕ್ಕದಲ್ಲಿ ಬಾಗಿಲು ಬಿಚ್ಚಿಟ್ಟ ಸಿಪಿಯು ಡಬ್ಬ.

ನಮ್ಮ ಶೆಟ್ಟಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಜಗತ್ತಿನ ಎಲ್ಲ ಕಾಯಿಲೆಗೂ ಅವನ ಹತ್ತಿರ ಒಂದೇ ಕಾರಣ. ಬಂದವನೇ ಜೇಬಿನಿಂದ ಟೆಸ್ಟರ್ ತೆಗೆದು ಕ್ಯಾಬಿನೆಟ್ಟಿಗೆ ಮುಟ್ಟಿಸಿದ.

“ಅರ್ಥಿಂಗ್ ಸರಿ ಇಲ್ಲ. ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಎಷ್ಟು ವರ್ಷ ಆಯ್ತೋ?”

“ಟೆಸ್ಟರ್ ಹತ್ತಲೇ ಇಲ್ಲವಲ್ಲೋ,” ಅಂದೆ ನಾನು.

“ಹತ್ತಲಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ.”

ವಿಶ್ವ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ. “ವಿಂಡೋಸ್ ತೆಗೆದು ಹೊಸದಾಗಿ ಹಾಕು, ಸರಿ ಹೋಗುತ್ತೆ,” ಅಂತ ಮಿರ್ಚಿ ಮುರಿದ.

“ಹಾಕಿ ನೋಡಿದೆ. ಇನ್‌ಸ್ಟಾಲ್ ಆಗ್ತಾ ಆಗ್ತಾನೇ ಎರರ್ ಬಂತು.”

ಬರದೆ ಏನು ಮಾಡುತ್ತದೆ? ಹೊಸ ವಿಂಡೋಸ್ ಕೂಡ ಅದೇ ರ‍್ಯಾಮ್ ದಾಟಿಯೇ ಡಿಸ್ಕಿಗೆ ಹೋಗಬೇಕು. ದಾರಿಯಲ್ಲಿ ಒಂದು ಅಕ್ಷರ ತಪ್ಪಿದರೆ, ಆ ತಪ್ಪು ಡಿಸ್ಕಿನಲ್ಲಿ ಖಾಯಂ. ರ‍್ಯಾಮ್ ಮೇಲೆ ಅನುಮಾನ ಇದ್ದಾಗ ವಿಂಡೋಸ್ ಹಾಕುವುದು, ಬಯಾಸ್ ಅಪ್‌ಡೇಟ್ ಮಾಡುವುದು ಎರಡೂ ಬೇಡ. ಮೊದಲು ಎಕ್ಸ್‌ಪೋ ಆಫ್ ಮಾಡಿ ಸ್ಪೀಡು ಇಳಿಸಬೇಕು. ಇದನ್ನು ನಾನು ಹೇಳಿದೆ. ಯಾರೂ ಕೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಶೆಟ್ಟಿ, ಯಂತ್ರದ ಜಾತಕ ತೋರಿಸುವ ಸಿಪಿಯು-ಜೆಡ್ ಅನ್ನುವ ಪ್ರೋಗ್ರಾಮ್ ತೆರೆದು ಒಂದು ದೊಡ್ಡ ಹಗರಣ ಬಯಲು ಮಾಡಿದ್ದ.

“ಲೇ ಗಿರೀಶ! 6000ಕ್ಕೆ ದುಡ್ಡು ಕೊಟ್ಟಿದ್ದೀಯ. ಇಲ್ಲಿ ನೋಡಿದ್ರೆ 3000 ಇದೆ. ಅರ್ಧಕ್ಕರ್ಧ ಟೋಪಿ!”

ಗಿರೀಶನ ಮುಖ ಬಿಳುಚಿತು. ವಿಶ್ವನಿಗೆ ಇಂಥ ಗಳಿಗೆ ಸಿಕ್ಕರೆ ಬಿಡುವುದಿಲ್ಲ. “ಡಿಡಿಆರ್‌ನಲ್ಲಿ ಮೊದಲ ಡಿ ಅಂದ್ರೇನೇ ಡಬಲ್. ಗಡಿಯಾರ ಒಂದು ಸಲ ಟಿಕ್ ಅಂದ್ರೆ ಎರಡು ಸಲ ಡೇಟಾ ಸಾಗುತ್ತೆ. 3000 ಮೆಗಾಹರ್ಟ್ಸ್, ಸೆಕೆಂಡಿಗೆ 6000 ಮಿಲಿಯನ್ ಟ್ರಾನ್ಸ್‌ಫರ್. ಡಬ್ಬದ ಮೇಲೆ ಹಾಕೋದು ಎರಡನೇ ನಂಬರ್ರು.”

“ಎರಡರಲ್ಲಿ ದೊಡ್ಡದನ್ನೇ ಹಾಕಿದ್ದಾರಲ್ಲ,” ಅಂತ ಶೆಟ್ಟಿ ಮೂಗು ಮುರಿದ. ಅದರಲ್ಲಿ ತಪ್ಪೇನೂ ಇಲ್ಲ ಅನ್ನಿ.

ಆ 6000 ಬಗ್ಗೆ ಒಂದು ಮಾತು. ಅದು ರ‍್ಯಾಮ್‌ನ ಹುಟ್ಟಿದ ವೇಗ ಅಲ್ಲ. ಜೆಡೆಕ್ ಅನ್ನುವ ಸಂಸ್ಥೆ ಇದಕ್ಕೆಲ್ಲ ನಿಯಮ ಬರೆಯುತ್ತದೆ. ಡಿಡಿಆರ್5 ಹೊಸದಾಗಿ ಬಂದಾಗ ಅದು 4800, ವೋಲ್ಟೇಜು 1.1. ಡಬ್ಬದ ಮೇಲಿನ 6000 ಬರುವುದು ಎಕ್ಸ್‌ಪೋದಿಂದ, ಇಂಟೆಲ್ ಕಡೆಯಾದರೆ ಎಕ್ಸ್‌ಎಂಪಿಯಿಂದ. ಇಷ್ಟು ವೇಗ, ಇಷ್ಟು ವೋಲ್ಟೇಜು, ಇಷ್ಟು ಟೈಮಿಂಗು ಅಂತ ರ‍್ಯಾಮ್ ಒಳಗೇ ಬರೆದಿಟ್ಟ ಚೀಟಿ ಅದು. ಆನ್ ಮಾಡಿದರೆ ವೋಲ್ಟೇಜು 1.35ರ ಆಸುಪಾಸಿಗೆ ಏರುತ್ತದೆ. ಪ್ರೊಸೆಸರ್ ಕಂಪನಿಯ ಲೆಕ್ಕದಲ್ಲಿ ಇದು ಓವರ್‌ಕ್ಲಾಕಿಂಗ್, ಅಂದರೆ ನಿಯಮದ ವೇಗ ಮೀರಿ ಓಡಿಸುವುದು. ನಾವು ಮಾತ್ರ ಅದನ್ನು ಹಕ್ಕು ಅಂದುಕೊಂಡಿದ್ದೇವೆ.

“ಸರಿ, ಎಲ್ಲ ಬಿಚ್ಚಿ ರಬ್ಬರಿನಲ್ಲಿ ಉಜ್ಜೋಣ,” ಅಂದ ಶೆಟ್ಟಿ.

ನಮ್ಮ ಕಡೆ ಇದೊಂದು ಸಂಪ್ರದಾಯ. ಗಿರೀಶನ ತಂಗಿ ಮಗನ ಕಂಪಾಸ್ ಬಾಕ್ಸಿನಿಂದ ರಬ್ಬರ್ ಬಂತು. ಅದು ಸ್ಟ್ರಾಬೆರಿ ವಾಸನೆಯದು. ನಾಲ್ಕೂ ಸ್ಟಿಕ್ಕಿನ ಚಿನ್ನದ ಹಲ್ಲುಗಳನ್ನು ಶೆಟ್ಟಿ ಶ್ರದ್ಧೆಯಿಂದ ತಿಕ್ಕಿದ. ರಬ್ಬರಿನ ಪುಡಿ ಬೋರ್ಡಿನ ಮೇಲೆ ಬೀಳದ ಹಾಗೆ ದೂರ ಕೂರಿಸಿದ್ದು ನನ್ನ ಸೇವೆ. ಹಳೆಯ ಯಂತ್ರಗಳಲ್ಲಿ ಹಲ್ಲಿಗೆ ಪಾಚಿ ಕಟ್ಟಿ ಕಾಂಟ್ಯಾಕ್ಟ್ ತಪ್ಪುವುದು ನಿಜ, ಉಜ್ಜಿದರೆ ಸರಿ ಹೋಗುವುದೂ ನಿಜ. ಇನ್ನೂ ಹೊಸದಾಗಿದ್ದ ರ‍್ಯಾಮಿಗೆ ಬೇಕಿರಲಿಲ್ಲ. ಆದರೆ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದಂತಾಯಿತಲ್ಲ, ಅದೂ ಒಂದು ಪರೀಕ್ಷೆಯೇ.

ಕೂರಿಸಿ ಪವರ್ ಒತ್ತಿದೆವು. ಫ್ಯಾನು ತಿರುಗಿತು. ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ‘ಡಿರ‍್ಯಾಮ್’ ಅಂತ ಬರೆದ ಪುಟ್ಟ ಹಳದಿ ದೀಪ ಹತ್ತಿ ಕೂತಿತು. ಒಂದು ನಿಮಿಷ, ಎರಡು ನಿಮಿಷ.

“ಹೋಯ್ತು,” ಅಂದ ಗಿರೀಶ. ಸ್ವಿಚ್ಚಿಗೆ ಕೈ ಹಾಕಿದ.

“ಕೈ ತೆಗಿ!” ಅಂತ ವಿಶ್ವ ಕೂಗಿದ್ದು ಕೆಳಮನೆಗೂ ಕೇಳಿತು. ಗಿರೀಶನ ಅಮ್ಮ ಮೆಟ್ಟಿಲ ಬುಡದಿಂದ, “ಏನ್ರೋ ಅದು, ಶಾಕ್ ಹೊಡೀತಾ?” ಅಂದರು.

ಹೊಡೆದಿರಲಿಲ್ಲ. ಅದು ಮೆಮೊರಿ ಟ್ರೈನಿಂಗ್. ಯಾವ ತಂತಿಯಲ್ಲಿ ಸಂಕೇತ ಎಷ್ಟು ತಡವಾಗಿ ಬರುತ್ತದೆ, ಯಾವಾಗ ಓದಿದರೆ ಸರಿ ಕೇಳಿಸುತ್ತದೆ ಅಂತ ಪ್ರೊಸೆಸರ್ ಒಂದೊಂದನ್ನೂ ಅಳೆದು ನೋಡಿಕೊಳ್ಳುತ್ತದೆ. ಎಎಂ5ನಲ್ಲಿ ರ‍್ಯಾಮ್ ಬದಲಾದಾಗಲೆಲ್ಲ ಈ ಶಾಸ್ತ್ರ ನಡೆಯಲೇಬೇಕು. ನಾಲ್ಕು ಸ್ಟಿಕ್ಕಿದ್ದರೆ ಹತ್ತು ನಿಮಿಷ ಹಿಡಿದರೂ ಗಾಬರಿಯಾಗಬಾರದು. ನಡುವೆ ಕರೆಂಟ್ ತೆಗೆದರೆ ಮೊದಲಿನಿಂದ ಶುರು. ಮಂಡಕ್ಕಿ ಖಾಲಿಯಾಗುವ ಹೊತ್ತಿಗೆ ಪರದೆ ಬಂತು.

ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಹಾಕಿ ಬಿಟ್ಟೆವು. ಇದು ವಿಂಡೋಸ್ ಇಲ್ಲದೆಯೇ ಓಡುತ್ತದೆ. ರ‍್ಯಾಮಿನ ಪ್ರತಿ ಮನೆಗೂ ಒಂದು ಸಂಖ್ಯೆ ಬರೆದು, ವಾಪಸು ಓದಿ, ತಾಳೆ ನೋಡುತ್ತದೆ. ಮೊದಲ ಸುತ್ತು ಮುಗಿಯುವ ಮೊದಲೇ ಕೆಂಪು ಸಾಲುಗಳು. ಪ್ರತಿ ಸಾಲಿನಲ್ಲೂ ಬರೆದದ್ದು ಒಂದು, ಓದಿದ್ದು ಇನ್ನೊಂದು. ಉದ್ದನೆಯ ಸಂಖ್ಯೆಯಲ್ಲಿ ಒಂದೇ ಒಂದು ಅಂಕಿ ಬೇರೆ.

“ಇಷ್ಟೇನಾ? ಒಂದಂಕಿಗೆ ಇಷ್ಟು ರಂಪವಾ?” ಅಂದ ಶೆಟ್ಟಿ.

ಆಗ ವಿಶ್ವ ಬೆಲ್ಜಿಯಂ ಕಥೆ ತೆಗೆದ. 2003ರ ಚುನಾವಣೆಯಲ್ಲಿ, ಬ್ರಸೆಲ್ಸ್ ನಗರದ ಸ್ಕಾರ್‌ಬೇಕ್ ಅನ್ನುವ ಕಡೆ ಒಬ್ಬ ಅಭ್ಯರ್ಥಿಗೆ ಬೀಳಬೇಕಾದ್ದಕ್ಕಿಂತ 4096 ಮತ ಹೆಚ್ಚಿಗೆ ಬಿದ್ದವು. 4096 ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ್ದು, ಸರಿಯಾಗಿ ಒಂದು ಬಿಟ್ಟಿನ ಬೆಲೆ. ಕಂಪ್ಯೂಟರಿನಲ್ಲಿ ಒಂದು ಸೊನ್ನೆ ಒಂದಾಗಿ ಮಗುಚಿತ್ತು. ಆಕಾಶದಿಂದ ಬಂದ ಕಾಸ್ಮಿಕ್ ಕಿರಣದ ಕೆಲಸ ಇರಬಹುದು ಅಂದರು.

“ನಮ್ಮಲ್ಲಿ ಅದಕ್ಕೆ ಕಿರಣ ಎಲ್ಲ ಬೇಕಾಗಿಲ್ಲ ಬಿಡು,” ಅಂದ ಶೆಟ್ಟಿ.

“ಆದ್ರೆ ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆಯಲ್ಲ? ತಪ್ಪನ್ನ ತಾನೇ ತಿದ್ದಿಕೊಳ್ಳುತ್ತೆ ಅಂತ ಓದಿದ್ದೆ,” ಅಂತ ಗಿರೀಶ ಆಸೆಯಿಂದ ಕೇಳಿದ.

ಅದು ಅರ್ಧ ಸತ್ಯ. ಚಿಪ್ಪಿನ ಹೊಟ್ಟೆಯೊಳಗೆ ತಪ್ಪಾದರೆ ಚಿಪ್ಪೇ ತಿದ್ದಿಕೊಳ್ಳುತ್ತದೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಗಿರೀಶನ ರೋಗ ಇದ್ದದ್ದು ದಾರಿಯಲ್ಲಿ.

ದಾರಿಯಲ್ಲಿ ಅಂತ ಹೇಗೆ ಗೊತ್ತಾಯಿತು ಅಂದರೆ, ಆಮೇಲಿನ ವಾರವೆಲ್ಲ ಗಿರೀಶ ಒಂದೊಂದೇ ಸ್ಟಿಕ್ಕು ಹಾಕಿ 6000ಕ್ಕೆ ಇಟ್ಟು ಪರೀಕ್ಷೆ ಮಾಡಿದ. ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಸ್ಲಾಟಿನಲ್ಲಿ, ಎ2 ಅನ್ನುತ್ತಾರಲ್ಲ, ಅಲ್ಲಿ. ನಾಲ್ಕೂ ಪಾಸ್. ಹಳೆಯ ಜೋಡಿಯನ್ನು ಎರಡು ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ, ಪಾಸ್. ಹೊಸ ಜೋಡಿಯೂ ಪಾಸ್. ನಾಲ್ಕೂ ಒಟ್ಟಿಗೆ ಹಾಕಿದರೆ ಫೇಲ್.

ಮುಂದಿನ ಭಾನುವಾರ ಈ ವರದಿ ಕೇಳಿ ಶೆಟ್ಟಿಗೆ ಬಹಳ ಬೇಜಾರಾಯಿತು. “ಹಂಗಾದ್ರೆ ಕೆಟ್ಟಿರೋದು ಯಾವುದು?”

“ಯಾವುದೂ ಕೆಟ್ಟಿಲ್ಲ.”

“ಯಾವುದೂ ಕೆಟ್ಟಿಲ್ಲದೆ ಹೆಂಗೋ ಕೆಡುತ್ತೆ? ಯಾರಿಗಾದ್ರೂ ಬೈಬೇಕಲ್ಲ!”

ಈ ಇಡೀ ವ್ಯವಹಾರದ ಸಂಕಟ ಇದೇ ನೋಡಿ. ರ‍್ಯಾಮ್ ಅಂಗಡಿಯವನು ತಪ್ಪು ಮಾಲು ಕೊಟ್ಟಿಲ್ಲ. ಬೋರ್ಡು ಸರಿ ಇದೆ. ಪ್ರೊಸೆಸರ್ ಕಂಪನಿಯಂತೂ ಮೊದಲೇ ಬರೆದು ಹಾಕಿದೆ. ಈ 7000 ಸರಣಿಗೆ ಎರಡು ಸ್ಟಿಕ್ಕಾದರೆ 5200, ನಾಲ್ಕಾದರೆ 3600, ಅಷ್ಟಕ್ಕೆ ಮಾತ್ರ ನಾವು ಜವಾಬ್ದಾರರು ಅಂತ. 6000 ಅನ್ನುವುದು ರ‍್ಯಾಮ್ ಡಬ್ಬದವನ ಮಾತು, ಅದೂ ಡಬ್ಬದೊಳಗಿನ ಎರಡಕ್ಕೆ ಮಾತ್ರ. ಅದೇ ಮಾಡೆಲಿನ ಇನ್ನೊಂದು ಡಬ್ಬ ತಂದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ನಾಲ್ಕೂ ಸೇರಿ ಓಡುತ್ತವೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ. ಗಿರೀಶ ತಾನೇ ಅಂದುಕೊಂಡದ್ದು.

“ನಾಲ್ಕಾದ್ರೆ ಯಾಕೆ ಆಗಲ್ಲ?” ಅಂತ ಗಿರೀಶ ಕೇಳಿದ. ಪಾಪ, ದುಡ್ಡು ಅವನದು.

ಇದಕ್ಕೆ ನಾನು ಹೇಳಿದ ಉತ್ತರ ಇದು. ಖಾಲಿ ಕಲ್ಯಾಣಮಂಟಪದಲ್ಲಿ ಮೈಕ್ ಹಿಡಿದು ಮಾತಾಡಿ ನೋಡು. ಮಾತು ಗೋಡೆಗೆ ಬಡಿದು ವಾಪಸು ಬರುತ್ತದೆ. ನಿಧಾನವಾಗಿ ಹೇಳಿದರೆ ಪ್ರತಿಧ್ವನಿ ಸತ್ತ ಮೇಲೆ ಮುಂದಿನ ಪದ ಬರುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ. ಗಡಿಬಿಡಿಯಲ್ಲಿ ಹೇಳಿದರೆ ಹಿಂದಿನ ಪದದ ಬಾಲ ಮುಂದಿನ ಪದದ ತಲೆ ಮೇಲೆ ಬೀಳುತ್ತದೆ. ಬೋರ್ಡಿನಲ್ಲಿ ಒಂದೇ ತಂತಿಗೆ ಎರಡು ಸ್ಟಿಕ್ಕು ನೇತು ಹಾಕಿದಾಗಲೂ ಹೀಗೇ. ಪ್ರತಿ ಸ್ಟಿಕ್ಕಿನಿಂದಲೂ ಸ್ವಲ್ಪ ಸಂಕೇತ ಹಿಂದಕ್ಕೆ ಚಿಮ್ಮುತ್ತದೆ. 6000ದಲ್ಲಿ ಒಂದು ಬಿಟ್ಟಿಗೆ ಸಿಗುವ ಸಮಯ ಸುಮಾರು 167 ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಸೆಕೆಂಡ್). ಅಷ್ಟರಲ್ಲಿ ಬೆಳಕೇ ಐದು ಸೆಂಟಿಮೀಟರ್ ಹೋಗುತ್ತದೆ. 3600ರಲ್ಲಿ ಆ ಸಮಯ 278 ಆಗುತ್ತದೆ, ಉಸಿರಾಡಲು ಜಾಗ.

“ಹಂಗಾದ್ರೆ ಜೋರಾಗಿ ಹೇಳೋಣ. ವೋಲ್ಟೇಜ್ ಏರಿಸು,” ಅಂತ ವಿಶ್ವ ಬಯಾಸ್‌ನಲ್ಲಿ ಎಸ್‌ಒಸಿ ವೋಲ್ಟೇಜ್, ಅಂದರೆ ಪ್ರೊಸೆಸರಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ ವೋಲ್ಟೇಜ್, ಹುಡುಕತೊಡಗಿದ.

ಅವನ ಕೈಯಿಂದ ಕೀಬೋರ್ಡ್ ಕಿತ್ತುಕೊಂಡೆ. 2023ರಲ್ಲಿ ಇದೇ ಕುಟುಂಬದ ಕೆಲವು ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದ್ದವು. ಆಮೇಲೆ ಎಎಂಡಿಯವರು ಆ ವೋಲ್ಟೇಜನ್ನು 1.3ಕ್ಕಿಂತ ಮೇಲೆ ಹೋಗದ ಹಾಗೆ ಬಯಾಸ್ ಅಪ್‌ಡೇಟಿನಲ್ಲೇ ಬೀಗ ಹಾಕಿಸಿದರು. ಎರರ್ ಬಂದಾಗಲೆಲ್ಲ ವೋಲ್ಟೇಜ್ ಏರಿಸುವವರು ಸಾಂಬಾರಿಗೆ ರುಚಿ ಇಲ್ಲ ಅಂತ ಉಪ್ಪು ಸುರಿಯುವ ಜನ. ನನಗೆ ಅವರ ಮೇಲೆ ನಂಬಿಕೆಯಿಲ್ಲ.

ಕೊನೆಗೆ ಇಳಿಸುತ್ತಾ ಬಂದೆವು. 5600ಕ್ಕೆ ಟ್ರೈನಿಂಗೇ ಮುಗಿಯಲಿಲ್ಲ, ಬೋರ್ಡಿನ ಸೆಲ್ ತೆಗೆದು ಸೆಟ್ಟಿಂಗ್ ಅಳಿಸಬೇಕಾಯಿತು. 5200ಕ್ಕೆ ಮೆಮ್‌ಟೆಸ್ಟ್ ನಡುರಾತ್ರಿ ಎಡವಿತು. 4800 ಮಾತ್ರ ಮೋಸ ಮಾಡಿತು. ಮೆಮ್‌ಟೆಸ್ಟ್ ನಾಲ್ಕೂ ಸುತ್ತು ಪಾಸ್, ವಿಡಿಯೋ ರೆಂಡರಿಗೆ ಇಟ್ಟರೆ ಫೇಲ್. ಯಾಕೆಂದರೆ ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡು ಮಲಗಿರುತ್ತದೆ. ರೆಂಡರ್ ಹೊತ್ತಿಗೆ ಅದರ ಬಿಸಿಗಾಳಿ ನೇರ ರ‍್ಯಾಮ್ ಮೇಲೆ ಬೀಸುತ್ತದೆ. ಬಿಸಿಯಾದ ರ‍್ಯಾಮ್‌ಗೆ ಮರೆವು ಜಾಸ್ತಿ. ದಾವಣಗೆರೆ ಏಪ್ರಿಲ್ ಬೇರೆ. ಹಾಗಾಗಿ ಮೆಮ್‌ಟೆಸ್ಟ್ ಫೇಲ್ ಅಂದರೆ ನಂಬಿ, ಪಾಸ್ ಅಂದರೆ ಪೂರ್ತಿ ನಂಬಬೇಡಿ. ನಿಮ್ಮ ನಿಜವಾದ ಕೆಲಸ ಕೊಟ್ಟು ನೋಡಿ.

3600ಕ್ಕೆ ಎಲ್ಲ ಶಾಂತ. ಆದರೆ ಗಿರೀಶನ ಮುಖದಲ್ಲಿ ಕಳೆ ಇಲ್ಲ.

“6000ದ ರ‍್ಯಾಮ್ ತಂದು 3600ಕ್ಕೆ ಓಡಿಸೋದಾ?”

“ಎರಡು ತೆಗೆದು ಬಿಡು. ಉಳಿದ ಎರಡು 6000ಕ್ಕೆ ಓಡುತ್ತೆ. 64 ಬೇಕೇ ಬೇಕು ಅಂದ್ರೆ ಇವನ್ನೆಲ್ಲ ಮಾರಿ 32ರ ಜೋಡಿ ತಗೋ,” ಅಂದ ವಿಶ್ವ. ಮೊದಲೇ ಹಾಗೆ ತಂದಿದ್ದರೆ ನಮಗೆ ಮಿರ್ಚಿ ಸಿಗುತ್ತಿರಲಿಲ್ಲ.

“ಈಗಿನ ರೇಟಿನಲ್ಲಿ 32ರ ಜೋಡಿ ಮುಟ್ಟೋಕಾಗುತ್ತಾ?”

ಅದೂ ನಿಜ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. ಗಿರೀಶ ರೇಟು ಏರುವ ಮೊದಲೇ ತಂದಿದ್ದ. ಅವನ ಸುಮ್ನೆ ಬಿದ್ದ ಎರಡು ಸ್ಟಿಕ್ಕಿಗೆ ಈಗ ಕೊಂಡದ್ದಕ್ಕಿಂತ ಜಾಸ್ತಿ ಬೆಲೆ. ಈ ವಿಷಯ ಕಿವಿಗೆ ಬಿದ್ದದ್ದೇ ಶೆಟ್ಟಿ ಮಿರ್ಚಿ ಕೆಳಗಿಟ್ಟು ನೆಟ್ಟಗೆ ಕೂತ.

“ಆ ಎರಡು ನನಗೆ ಕೊಡು. ಹಳೇ ರೇಟು. ಹೆಂಗೂ ಕೆಟ್ಟ ಮಾಲು.”

“ಯಾವ ಕೆಟ್ಟ ಮಾಲು? ಒಂದೊಂದೂ ಮೆಮ್‌ಟೆಸ್ಟ್ ಪಾಸ್. ಫೋಟೋ ಇದೆ. ಇವತ್ತಿನ ರೇಟು ಇಡು.”

“ಇವತ್ತಿನ ರೇಟಿಗೆ ಅಂಗಡೀಲೇ ತರ್ತೀನಿ, ವಾರಂಟಿ ಆದ್ರೂ ಇರುತ್ತೆ. ಮತ್ತೆ ರಬ್ಬರಿನಲ್ಲಿ ಉಜ್ಜಿದ್ದು ಯಾರು? ಆ ಕೂಲಿ ಕಳಿ.”

ಚೌಕಾಸಿ ಅರ್ಧಕ್ಕೆ ಬಂದಾಗ ವಿಶ್ವ ಕೇಳಿದ, “ಶೆಟ್ಟಿ, ನಿನ್ನ ಕಂಪ್ಯೂಟರ್ ಯಾವ ವರ್ಷದ್ದು?”

“2019. ಯಾಕೆ?”

“ಡಿಡಿಆರ್5 ಮನೆ ಕಂಪ್ಯೂಟರಿಗೆ ಬಂದಿದ್ದೇ 2021ರ ಕೊನೆಗೆ. ನಿನ್ನದು ಡಿಡಿಆರ್4. ಕೆಳಗಿನ ಕಚ್ಚಿನ ಜಾಗವೇ ಬೇರೆ, ಸ್ಲಾಟಿನಲ್ಲಿ ಕೂರೋದೇ ಇಲ್ಲ.”

ಶೆಟ್ಟಿ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ಕಚ್ಚನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

“ಸ್ವಲ್ಪ ಗಟ್ಟಿಯಾಗಿ ಒತ್ತಿದ್ರೆ?”