ಸಹಾಯ ಬೇಕು: ವಿಸಿಡಿ ಕಾಲದ ಲೋಗೋ ಆನಿಮೇಷನ್ ಮತ್ತೆ ಕಟ್ಟಬೇಕಿದೆ

ಎಲ್ಲರಿಗೂ ನಮಸ್ಕಾರ. ಜನಪದ, ಭಾವಗೀತೆಗಳ ವಿಸಿಡಿ ತರುತ್ತಿದ್ದ ನಮ್ಮ ಕಡೆಯ ಸಣ್ಣ ಕಂಪನಿಯೊಂದು ಈಗ ಯೂಟ್ಯೂಬಿಗೆ ಬರ್ತಿದೆ. ಹಾಡಿಗೆ ಮುಂಚೆ ಬರ್ತಿದ್ದ ಹಳೇ ಲೋಗೋನೇ ಬೇಕಂತೆ. ಕಪ್ಪು ಪರದೆ ಮೇಲೆ ಚಿನ್ನದ ಬಣ್ಣದ ವೀಣೆ ಗರಗರ ತಿರುಗಿ ನಿಲ್ಲುತ್ತೆ, ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ ಮಿಂಚು ಹಾಯುತ್ತೆ, ಕೊನೆಗೆ ಝಲ್ ಅಂತ ಸದ್ದು. ಆ ಕಾಲದಲ್ಲಿ ಮಿಂಚು ಹಾಯದ ಲೋಗೋ ಇತ್ತಾ ಹೇಳಿ!

ಸದ್ಯ ಕೈಲಿರೋದು ವಿಸಿಡಿಯ ಡ್ಯಾಟ್ ವಿಡಿಯೋ ಫೈಲ್ ಮಾತ್ರ: ಎಂಪೆಗ್-1, 352×288 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಮಿಂಚು ಹಾಯುವ ಕಡೆಯೆಲ್ಲಾ ಚೌಕಚೌಕ. ಎಐನಿಂದ ಅಪ್‌ಸ್ಕೇಲ್ ಮಾಡಿ ಚಿತ್ರ ದೊಡ್ಡದು ಮಾಡಿದರೆ ವೀಣೆ ಪರವಾಗಿಲ್ಲ, ಆದ್ರೆ ಒತ್ತಕ್ಷರಗಳೆಲ್ಲ ಜಿಲೇಬಿ. ಅದಕ್ಕೇ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಿನಲ್ಲಿ ಹೊಸದಾಗಿ ಕಟ್ತಿದ್ದೀನಿ.

ಸಿಕ್ಕಿಹಾಕಿಕೊಂಡಿರೋದು ಹೊಳಪಿನಲ್ಲಿ. ಬ್ಲೆಂಡರಿನ ಸೈಕಲ್ಸ್ ಎಂಜಿನ್ನಿನಲ್ಲಿ ರೆಂಡರ್ ಮಾಡಿದರೆ (ಅಂದ್ರೆ ಅಂತಿಮ ಚಿತ್ರ ತೆಗೆದರೆ) ನಿಜವಾದ ಚಿನ್ನದಂಗೆ ಕಾಣುತ್ತೆ, ಅದೇ ತೊಂದರೆ! ಒಂದು ಚಿತ್ರವನ್ನೇ ಪ್ರತಿಬಿಂಬದಂಗೆ ತೋರಿಸುವ ಹಳೇ ರಿಫ್ಲೆಕ್ಷನ್ ಮ್ಯಾಪಿನ ಆ ಅಗ್ಗದ ಪಳಪಳ ಬರ್ತಿಲ್ಲ. ಇಂಥ ಮೆಟೀರಿಯಲ್ ಮಾಡಿದವರು ನೋಡ್ ಸೆಟಪ್ಪಿನ (ಮೆಟೀರಿಯಲ್ ಜೋಡಿಸಿದ ನಕ್ಷೆಯ) ಸ್ಕ್ರೀನ್‌ಶಾಟ್ ಹಾಕ್ತೀರಾ?

ಇನ್ನೊಂದು, ಎಡಿಟರಿಗೆ ಹಿನ್ನೆಲೆ ಪಾರದರ್ಶಕವಾಗಿರಬೇಕಂತೆ. ಮಾಮೂಲಿ ಎಚ್.264 ವಿಡಿಯೋದಲ್ಲಿ ಆಲ್ಫಾ, ಅಂದ್ರೆ ಪಾರದರ್ಶಕತೆಯ ಮಾಹಿತಿ, ಉಳಿಯಲ್ಲ. ಆಲ್ಫಾ ಉಳಿಸುವ ಪ್ರೋರೆಸ್ 4444 ವಿಡಿಯೋ ಕೊಡೋದಾ, ಪ್ರತಿ ಫ್ರೇಮೂ ಬೇರೆ ಚಿತ್ರವಾಗಿರೋ ಪಿಎನ್‌ಜಿ ಸೀಕ್ವೆನ್ಸ್ ಸಾಕಾ? ಹಳೇ ಹಾಡುಗಳು 25 ಫ್ರೇಮ್, ಹೊಸ ಶೂಟಿಂಗ್ 30. ಎರಡಕ್ಕೂ ಬೇರೆಬೇರೆ ರೆಂಡರ್ ಮಾಡ್ಬೇಕಾ?

ಕಂಪನಿಯವರ ಅಟ್ಟದಲ್ಲಿ ಬೀಟಾಕ್ಯಾಮ್ ಅನ್ನೋ ಹಳೇ ವಿಡಿಯೋ ಟೇಪುಗಳಿವೆಯಂತೆ. ಬೆಂಗಳೂರಿನಲ್ಲಿ ಯಾರ ಹತ್ರಾದ್ರೂ ಅವನ್ನ ಹಾಕೋಕೆ ಓಡುವ ಡೆಕ್ (ಟೇಪ್ ಪ್ಲೇಯರ್) ಇದ್ದರೆ ತಿಳಿಸಿ, ಬಾಡಿಗೆ ಕೊಡ್ತಾರೆ. ಟೇಪಿಗೆ ಬೂಷ್ಟು ಹಿಡಿದಿದ್ದರೆ ಮೊದಲು ಕ್ಲೀನ್ ಮಾಡಿಸಿಯೇ ತರ್ತೀನಿ, ನಿಮ್ಮ ಡೆಕ್ಕಿನ ಹೆಡ್ (ಟೇಪ್ ಓದುವ ಭಾಗ) ಹಾಳು ಮಾಡಲ್ಲ.