ಎಂಜಿನ್ ಲೈಟ್ ಆರುತ್ತಿಲ್ಲ, ಬೆಳಿಗ್ಗೆ ಟಿಕ್ ಟಿಕ್ ಸದ್ದು ಬೇರೆ. ಏನಿರಬಹುದು?

ಸೇಡಂ ರಸ್ತೆ, ಕಲಬುರಗಿ:
ನಮಸ್ಕಾರ. ನನ್ನದು 2016ರ ಪೆಟ್ರೋಲ್ ಕಾರು, 84 ಸಾವಿರ ಕಿಲೋಮೀಟರ್ ಓಡಿದೆ. ಹೋದ ವಾರ ಬೀದರ್‌ನಿಂದ ವಾಪಸ್ ಬರುವಾಗ ಕಮಲಾಪುರ ದಾಟುತ್ತಲೇ ಹಳದಿ ಎಂಜಿನ್ ಲೈಟ್ ಹತ್ತಿತು, ಇನ್ನೂ ಆರಿಲ್ಲ. ಮಿನುಗುವುದಿಲ್ಲ, ಸುಮ್ನೆ ಉರಿಯುತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗೆ ಟಿಕ್ ಟಿಕ್ ಸದ್ದು, ಐದು ನಿಮಿಷ ಆದ ಮೇಲೆ ನಿಲ್ಲುತ್ತದೆ. ಮೈಲೇಜ್ 17ರಿಂದ 14ಕ್ಕೆ ಇಳಿದಿದೆ. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0420 ಅನ್ನೋ ದೋಷದ ಕೋಡ್ ಬಂತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಾಯಿಸಿ, ಇಲ್ಲಾಂದ್ರೆ ಅದನ್ನು ಕಿತ್ತು ನೇರ ಪೈಪ್ ಹಾಕಿಕೊಡುತ್ತೇವೆ ಎಂದರು. ಖರ್ಚು ಕೇಳಿ ಎದೆ ಧಸಕ್ಕೆಂದಿತು. ನಿಜವಾಗಿಯೂ ಅದೇ ಹೋಗಿದೆಯಾ?

ಶಹಾಬಾದ್:
ಅಷ್ಟು ಬೇಗ ದುಡ್ಡು ಕೊಡಬೇಡಿ ಅಣ್ಣಾ. ಕೋಡ್ ಬಂದ ಮಾತ್ರಕ್ಕೆ ಕನ್ವರ್ಟರ್ ಸತ್ತಿದೆ ಅಂತ ಅರ್ಥ ಅಲ್ಲ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಾಮಾನ್ಯವಾಗಿ ಮುಂದಿನದರ ವೋಲ್ಟೇಜ್ 0.1ರಿಂದ 0.9ರವರೆಗೆ ಏರಿಳಿಯುತ್ತದೆ, ಹಿಂದಿನದು 0.6, 0.7ರ ಸುಮಾರಿಗೆ ನಿಂತಿರಬೇಕು. ಹಿಂದಿನದೂ ಮುಂದಿನದರ ಹಾಗೆ ಕುಣಿದರೆ ಕಂಪ್ಯೂಟರ್ ಈ ಕೋಡ್ ಹಾಕುತ್ತದೆ. ಆದರೆ ಹೊಗೆ ಪೈಪ್‌ನಲ್ಲಿ ಸಣ್ಣ ಸಂದಿ ಇದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ತಪ್ಪು ಓದುತ್ತದೆ. ಮುಂದಿನ ಸೆನ್ಸರ್ ಮೋಸ ಹೋದರೆ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಮ್ಮ ಮೈಲೇಜ್ ಅದಕ್ಕೇ ಬಿದ್ದಿರಬಹುದು. ತಣ್ಣಗಿದ್ದಾಗ ಸದ್ದು, ಬಿಸಿಯಾದಾಗ ಇಲ್ಲ ಅಂದರೆ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪ್) ಗ್ಯಾಸ್ಕೆಟ್, ಅಂದರೆ ಅದರ ಜಾಯಿಂಟ್ ಸೀಲ್ ಮೇಲೆಯೇ ನನಗೆ ಅನುಮಾನ. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ ಅಲ್ವಾ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಯಾರಾದರೂ ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯನ್ನು ಒಂದೆರಡು ಸೆಕೆಂಡ್ ಅರೆಬರೆ ಮುಚ್ಚಲಿ. ಎಲ್ಲಿ ಬುಸ್ ಅನ್ನುತ್ತದೋ ಅಲ್ಲೇ ಸೋರಿಕೆ. ಜಾಯಿಂಟ್ ಹತ್ತಿರ ಕಪ್ಪು ಮಸಿ ಇದೆಯಾ ಅದನ್ನೂ ನೋಡಿ.

ಹುಮನಾಬಾದ್:
ಮೇಲಿನವರು ಸರಿ ಹೇಳಿದ್ದಾರೆ. ನೇರ ಪೈಪ್ ಮಾತ್ರ ಹಾಕಿಸಲೇಬೇಡಿ. ಕೋಡ್ ಮತ್ತೆ ಬರುತ್ತದೆ, ವಿಷದ ಹೊಗೆ ನಮ್ಮ ಮಕ್ಕಳ ಮೂಗಿಗೇ ಹೋಗುತ್ತದೆ. ಹಳೆಯ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳು ಇರುತ್ತವೆ, ಬದಲಾಯಿಸುವ ಪ್ರಸಂಗ ಬಂದರೂ ಅದನ್ನು ಕೇಳಿ ವಾಪಸ್ ತಗೊಳ್ಳಿ. ಇನ್ನೊಂದು ಮಾತು, ದಯವಿಟ್ಟು ಕೇಳಿ: ಸೋರಿಕೆ ಇರುವಾಗ ಗಾಡಿ ನಿಲ್ಲಿಸಿ, ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಒಳಗೆ ಕೂರಬೇಡಿ. ನಮ್ಮ ಕಡೆಯ ಬಿಸಿಲಿಗೆ ಎಲ್ಲರೂ ಹಾಗೇ ಮಾಡುತ್ತೇವೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಜೀವವೇ ಹೋಗುತ್ತದೆ. ಲೈಟ್ ಮಿನುಗತೊಡಗಿದರೆ ಆಗಲೇ ಗಾಡಿ ನಿಲ್ಲಿಸಿ, ಅದು ಮಿಸ್‌ಫೈರ್, ಅಂದರೆ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಕರಗಿಸಿಬಿಡುತ್ತದೆ.

ಸೇಡಂ ರಸ್ತೆ, ಕಲಬುರಗಿ:
ಬಟ್ಟೆ ಹಿಡಿದು ನೋಡಿದೆವು, ಮ್ಯಾನಿಫೋಲ್ಡ್ ಹತ್ತಿರವೇ ಬುಸ್ ಅಂತು, ಬೆರಳಿಟ್ಟರೆ ಮಸಿ. ಬೇರೆ ಮೆಕ್ಯಾನಿಕ್ ಹತ್ತಿರ ಗ್ಯಾಸ್ಕೆಟ್ ಮತ್ತು ತುಕ್ಕು ಹಿಡಿದ ಎರಡು ಬೋಲ್ಟ್ ಹಾಕಿಸಿ ಕೋಡ್ ಅಳಿಸಿದೆ. ಟಿಕ್ ಟಿಕ್ ನಿಂತಿದೆ. ನಿನ್ನೆ ಆಳಂದಕ್ಕೆ ಹೋಗಿಬಂದೆ, ಲೈಟ್ ಬಂದಿಲ್ಲ. ಮುಂದಿನ ಟ್ಯಾಂಕ್ ತುಂಬಿಸಿದ ಮೇಲೆ ಮೈಲೇಜ್ ಬರೆಯುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.